ಸಾಲಿನ ಕೊನೆಯಲ್ಲಿ ಕುಸುಮಬಾಯಿ

ಕಾಡಯ್ಯನ ಅಜ್ಜ ಜಂಗಮರ ಜೋಳಿಗೆ ಹಾಕಿಕೊಂಡು ಹೋಗುತ್ತಿದ್ದ ಮನೆಗಳಿಗೆ ಅವನ ತಂದೆ ಪಂಚಾಂಗ ಹಿಡಿದುಕೊಂಡು ಹೋದರು. ಅದೇ ಮನೆಗಳಿಗೆ ಕಾಡಯ್ಯನು ಕ್ಯಾಮೆರಾ ಹಿಡಿದುಕೊಂಡು ಹೋಗುತ್ತಾನೆ. ಮಹಾರಾಷ್ಟ್ರದ ಗಡಿಯೂರು ಔರಾದ ಶಹಾಜನಿಯ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಅವನ ಸ್ಟುಡಿಯೊ, ಅದರ ಹಿಂದೆಯೇ ಮನೆ. ಗಿರಣಿ ತಿರುಗುವಾಗ ಗೋಡೆ ಸಣ್ಣಗೆ ನಡುಗುತ್ತದೆ. ಆದ್ದರಿಂದ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿಕೊಳ್ಳಲು ಬಂದವರನ್ನು, "ಜರಾ ತಡೀರಿ, ಅವರ ಜೋಳ ಮುಗೀಲಿ," ಎಂದು ಬೆಂಚಿನ ಮೇಲೆ ಕೂಡಿಸುವುದು ಅವನ ರೂಢಿ. ಹೊರಗಿನ ಹಲಗೆ ಮರಾಠಿಯಲ್ಲಿದೆ; ಒಳಗೆ ಗಂಡ ಹೆಂಡಿರ ಜಗಳ ಕನ್ನಡದಲ್ಲಿ ನಡೆಯುತ್ತದೆ; ಗಿರಾಕಿಯೊಡನೆ ಆಡುವ ಮಾತನ್ನು ಮಾತ್ರ ಅವನು ಗಿರಾಕಿಯ ಬಾಯಿ ನೋಡಿ ಆರಿಸಿಕೊಳ್ಳುತ್ತಾನೆ.

ಮದುವೆಗಳು ಅವನ ಹೊಟ್ಟೆ ಹೊರೆಯುತ್ತವೆ. ಆದರೆ ಸುತ್ತಲಿನ ಹಳ್ಳಿಗಳವರು ಅವನನ್ನು ನೆನೆಯುವುದು ಇನ್ನೊಂದು ಕೆಲಸಕ್ಕಾಗಿ. ಯಾರಾದರೂ ತೀರಿಕೊಂಡರೆ ಮೊದಲ ಫೋನು ಪೂಜೆಯ ಜಂಗಮರಿಗೆ ಹೋಗುತ್ತದೆ, ಎರಡನೆಯದು ಕಾಡಯ್ಯನಿಗೆ ಬರುತ್ತದೆ. ಸಾವಿನ ನಂತರ ಮಾಡುವ ಗಣಾರಾಧನೆಯ ದಿನ ಪೂಜೆಯ ಗದ್ದುಗೆಯ ಮೇಲಿಟ್ಟು ಹಾರ ಹಾಕಲು ಸತ್ತವರ ದೊಡ್ಡ ಫೋಟೋ ಬೇಕು. ಬದುಕಿರುವಾಗ ಅದಕ್ಕೆಂದೇ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ತೆಗೆಸಿಕೊಂಡರೆ ಸಾವನ್ನು ಕರೆದ ಹಾಗೆ ಎಂಬ ಅಂಜಿಕೆ. ಹೀಗಾಗಿ ಆ ಮನೆಯ ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಅವರ ಮುಖವನ್ನು ಬಿಡಿಸಿ, ಹೆಗಲ ಮೇಲಿದ್ದ ಬೀಗರ ಕೈಯನ್ನು ಅಳಿಸಿ, ಹಿಂದಕ್ಕೆ ತಿಳಿನೀಲಿ ಬಣ್ಣ ಬಳಿದು, ಹಿಗ್ಗಿಸಿ ಚೌಕಟ್ಟು ಹಾಕಿ ಕೊಡಬೇಕು. ಕಾಡಯ್ಯನು ಇದರಲ್ಲಿ ಪಳಗಿದವನು. ಈ ಕಡೆಯ ಗೋಡೆಗಳ ಮೇಲಿನ ಹಿರಿಯರೆಲ್ಲ ಒಂದು ಬಗೆಯ ತೃಪ್ತಿಯಲ್ಲಿ ಕಾಣುವುದಕ್ಕೆ ಕಾರಣವೂ ಇದೇ: ಅವರು ಸತ್ತದ್ದು ಯಾವ ರೋಗದಿಂದಲೋ ಏನೋ, ನಗುತ್ತಿರುವುದು ಮಾತ್ರ ಯಾರದೋ ಮದುವೆಯ ಊಟ ಮುಗಿಸಿದ ಮೇಲೆ.

ಇತ್ತೀಚೆಗೆ ಗಿರಾಕಿಗಳು ಬದಲಾಗಿದ್ದರು. ಆಲ್ಬಮ್ಮಿನ ಹಾಳೆಯನ್ನು ನೋಡುವವರಿಲ್ಲ. ಎಲ್ಲರೂ ಫೋಟೋವನ್ನು ಮೊಬೈಲಿಗೆ ಹಾಕಿಸಿಕೊಂಡು, ಎರಡು ಬೆರಳಿನಿಂದ ಅಗಲಿಸಿ, ಮದುಮಗಳ ಮೂಗುತಿಯ ಹರಳು ಎಣಿಸುತ್ತಿದ್ದರು. ನಿಲಂಗಾದಲ್ಲಿ ಹೊಸಬನೊಬ್ಬನು ಬಹಳ ಸಾಫಾಗಿ ಫೋಟೋ ತೆಗೆಯುತ್ತಾನೆಂಬ ಸುದ್ದಿ ಹಬ್ಬಿತ್ತು. ಆ ಹಂಗಾಮಿನಲ್ಲಿ ತನಗೆ ಬರಬೇಕಾದ ಮದುವೆಗಳು ಒಂದೊಂದಾಗಿ ಅತ್ತ ಜಾರುವುದನ್ನು ಕಂಡು ಕಾಡಯ್ಯನು ಉದಗೀರಕ್ಕೆ ಹೋದನು. ಅಲ್ಲಿ ಅವನ ಹಳೆಯ ಸ್ನೇಹಿತ ಅಮೃತನ ಸ್ಟುಡಿಯೊ ಇದೆ. ಅಮೃತನು ಫೋಟೋ ಬಿಟ್ಟು ವಿಡಿಯೊಗೆ ಇಳಿದಿದ್ದರಿಂದ, ತನ್ನ ಬೆಲೆಬಾಳುವ ಲೆನ್ಸ್ ಒಂದನ್ನು ಮಾರಲು ಇಟ್ಟಿದ್ದನು. ಕೈಗೆ ತೆಗೆದುಕೊಂಡರೆ ನೀರು ತುಂಬಿದ ತಂಬಿಗೆಯಷ್ಟು ಭಾರ.

"ಒಯ್ಯಿ, ಬರೋ ಸಂತಿ ತನಕ ಇಟ್ಕೊಂಡು ನೋಡು," ಎಂದನು ಅಮೃತ. "ಫರಕ್ ಕಂಡ್ರ ಇಟ್ಕೋ, ಕಾಣ್ದಿದ್ರ ತಂದು ಕೊಡು. ಆದ್ರ ಒಂದು ಮಾತು. ಫರಕ್ ಕಾಣೂದು ಸರಳ ಅಲ್ಲ. ಮಹಾಗಿನ, ಜಾಸ್ತಿ ರೊಕ್ಕದ ಲೆನ್ಸ್ ಹಾಕ್ದಾಕ್ಷಣ ಎಲ್ಲಾರಿಗೂ ತಮ್ಮ ಫೋಟೋ ಚಲೋ ಕಾಣ್ತದ. ಅದು ಲೆನ್ಸಿನ ಗುಣ ಅಲ್ಲ, ನಮ್ಮದು."

ಮನೆಗೆ ಬಂದ ಕೂಡಲೇ ಕಾಡಯ್ಯನು ಹೆಂಡತಿ ಜಗದೇವಿಯನ್ನು ಅಂಗಳದ ಬೇವಿನ ನೆರಳಿನಲ್ಲಿ ನಿಲ್ಲಿಸಿ ಹಳೆಯ ಲೆನ್ಸಿನಿಂದ ಒಂದು, ಹೊಸದರಿಂದ ಒಂದು ಫೋಟೋ ತೆಗೆದನು. ಜಗದೇವಿ ಎರಡನ್ನೂ ನೋಡಿದಳು.

"ಹಳೇದ್ರಾಗೇ ನಾ ಚಲೋ ಕಾಣ್ತೀನಿ. ಇದು ಕಣ್ಣಿನ ಬುಡದಾಗಿನ ಗೆರಿ ಎಲ್ಲಾ ಎಣಿಸ್ಯಾದ. ಇದನ್ನ ಉದಗೀರಕ್ಕ ಬಿಟ್ಟು ಬರ್ರಿ."

"ಗೆರಿ ಮೊದಲೇ ಅವ. ಲೆನ್ಸ್ ಏನು ತಂದು ಹಚ್ಚಿಲ್ಲ."

"ಅವ ಅಂತ ನನಗ ಗೊತ್ತದ. ಊರಿಗ್ಯಾಕ ತೋರಸ್ಬೇಕು?"

ಮರುದಿನ ಅವನು ಎರಡೂ ಫೋಟೋಗಳನ್ನು ಒಂದೇ ಅಳತೆಯಲ್ಲಿ ಅಚ್ಚು ಹಾಕಿ, ಯಾವುದು ಯಾವುದರದೆಂದು ಹೇಳದೆ, ಎದುರಿನ ಚಹಾದಂಗಡಿಯ ಗುರುದೇವನ ಮುಂದೆ ಹಿಡಿದನು. ಗುರುದೇವನು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದನು.

"ಇವೆರಡರಾಗ ಮಹಾಗಿನ ಲೆನ್ಸಿಂದು ಯಾವ್ದು?"

"ಅದನ್ನ ನಾ ಹೇಳಬಾರ್ದು. ನೀ ಹೇಳ್ಬೇಕು."

"ನೀ ಹೇಳ್ದಿದ್ರ ಚಲೋ ಯಾವ್ದಂತ ನಾ ಹ್ಯಾಂಗ ಹೇಳ್ಲಿ?" ಎಂದು ಗುರುದೇವನು ಫೋಟೋಗಳನ್ನು ತಿರುಗಿ ಕೊಟ್ಟುಬಿಟ್ಟನು. ಗಿರಣಿಯವನು ಬೆಳಕು ಹೆಚ್ಚಿದ್ದುದನ್ನು ಆರಿಸಿದನು, ಅದು ಹಳೆಯದರದಾಗಿತ್ತು.

ಆಗ ಕಾಡಯ್ಯನಿಗೆ, ಮನುಷ್ಯರ ಮುಖ ಇಟ್ಟುಕೊಂಡು ಈ ಪರೀಕ್ಷೆ ಆಗದು ಎಂದು ತಿಳಿಯಿತು. ಮುಖವಿದ್ದಲ್ಲಿ ಜನರು ಮುಖವನ್ನು ನೋಡುತ್ತಾರೆ, ಗೆರೆಯನ್ನು ನೋಡುವುದಿಲ್ಲ. ಅವನು ಹಳೆಯ ಮರಾಠಿ ಪತ್ರಿಕೆಗಳ ಹಾಳೆಗಳನ್ನು ತಂದು ಸ್ಟುಡಿಯೊದ ಹಿಂಗೋಡೆಯ ತುಂಬ ಅಂಟಿಸಿದನು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂಡಿಸಿದನು. ಗಿರಣಿ ನಿಲ್ಲುವವರೆಗೆ ಕಾದು, ಕೈ ಮುಟ್ಟದೆ ಗುಂಡಿ ತಾನಾಗಿ ಒತ್ತಿಕೊಳ್ಳುವಂತೆ ಹೊಂದಿಸಿ, ಅದೇ ದೂರದಿಂದ, ಅದೇ ಬೆಳಕಿನಲ್ಲಿ, ಒಂದಾದ ಮೇಲೊಂದು ಲೆನ್ಸಿನಿಂದ ಗೋಡೆಯ ಫೋಟೋ ತೆಗೆದನು. ಆಮೇಲೆ ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಕುಳಿತನು.

ನಡುವಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಸೋಯಾಬೀನ್ ಧಾರಣೆಯ ಅಂಕಿಗಳು ಎರಡರಲ್ಲೂ ಒಂದೇ ಸಮನಾಗಿ ಓದಲು ಬರುತ್ತಿದ್ದವು. ಅವನಿಗೆ ಸ್ವಲ್ಪ ನಿರಾಶೆಯಾಯಿತು, ಸ್ವಲ್ಪ ಸಮಾಧಾನವೂ ಆಯಿತು. ಆಮೇಲೆ ಹಾಳೆಗಳ ಮೇಲೆ ಕಣ್ಣನ್ನು ಅಂಚಿನತ್ತ ಸರಿಸಿದನು. ಅಲ್ಲಿ ಹೊಸ ಲೆನ್ಸಿನ ಫೋಟೋದಲ್ಲಿ ಅಕ್ಷರಗಳು ಹಾಗೆಯೇ ನಿಂತಿದ್ದವು. ಹಳೆಯದರಲ್ಲಿ, ನೀರು ಬಿದ್ದ ಕಾಗದದ ಮೇಲಿನ ಮಸಿಯಂತೆ, ಪ್ರತಿಯೊಂದು ಅಕ್ಷರವೂ ಹೊರಗಡೆಗೆ ಎಳೆದುಕೊಂಡು ಮಬ್ಬಾಗಿತ್ತು. ಎಡದ ತುದಿಯಲ್ಲಿ ಬಲದ ತುದಿಗಿಂತಲೂ ಹೆಚ್ಚು.

"ಫರಕ್ ಅದ," ಎಂದು ಅವನು ಊಟಕ್ಕೆ ಕುಳಿತಾಗ ಜಗದೇವಿಗೆ ಹೇಳಿದನು. "ಆದ್ರ ಬರೀ ಅಂಚಿಗೆ."

"ಅಂಚು ಯಾರು ನೋಡ್ತಾರ?"

"ಅದೇ ನಾನೂ ಅಂತೀನಿ. ಮದುಮಕ್ಕಳು ನಡುವ ಇರ್ತಾರ, ಬೀಗರು ಅವರ ಬಾಜೂಕ ಇರ್ತಾರ. ರೊಕ್ಕ ಕೊಡೋರು ಅಂಚಿಗೆ ನಿಂದ್ರೂದಿಲ್ಲ. ಸಂತಿ ದಿನ ವಾಪಸ್ ಕೊಟ್ಟು ಬರ್ತೀನಿ."

ಹೀಗೆ ಆ ವಿಷಯ ತೀರ್ಮಾನವಾಯಿತು.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಹೆಣ್ಣುಮಗಳೊಬ್ಬಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಆಟೋದ ಧೂಳು ಅವಳ ಹುಬ್ಬಿನ ಮೇಲೂ ಇತ್ತು.

"ಅಯ್ಯನೋರ, ನಾ ವಲಾಂಡಿ ಕಲ್ಯಾಣಪ್ಪನವರ ಮನಿ ಉಮಾಶ್ರೀ."

"ದಾಳಿಂಬ ಊರಿಗೆ ಕೊಟ್ಟ ಉಮಾ ಏನು? ನಿನ್ನ ಮದಿವಿ ಫೋಟೋ ನಾನೇ ತಗದೀನಲ್ಲ. ಬಾ ತಂಗಿ, ಒಳಗ ಕೂಡು."

"ಅವ್ವ ಹೋದಳ್ರಿ," ಎಂದಳು ಅವಳು. "ಮಣ್ಣಾತು. ನಾಡಿದ್ದ ಗಣಾರಾಧನಿ ಅದ."

ಅವಳು ಅವ್ವ ಎಂದದ್ದು ಹೆತ್ತವಳನ್ನಲ್ಲ. ವಲಾಂಡಿಯ ಕಲ್ಯಾಣಪ್ಪನವರ ತಂಗಿ ಕುಸುಮಬಾಯಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಕಲ್ಯಾಣಪ್ಪನವರ ತಮ್ಮನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಆ ಕೂಸನ್ನು ಕುಸುಮಬಾಯಿಯ ಮಡಿಲಿಗೆ ಹಾಕಿದರು. ತಮ್ಮನು ಬೇರೆ ಮದುವೆಯಾಗಿ ಪುಣೆಗೆ ಹೋದನು. ಕೂಸು ವಲಾಂಡಿಯಲ್ಲೇ ಉಳಿಯಿತು. ಆ ಕೂಸೇ ಉಮಾಶ್ರೀ.

"ಫೋಟೋ ಬೇಕ್ರಿ ಅಯ್ಯನೋರ. ದೊಡ್ಡಪ್ಪಗ ಗದ್ದುಗಿ ಮ್ಯಾಲ ಇಡ್ಲಿಕ್ಕೆ ಬೇಕು, ನನಗ ಒಂದು ಬ್ಯಾರೆ ಬೇಕು."

"ಅದಕ್ಕೇನು, ತಗದು ಕೊಡ್ತೀನಿ. ನಿಮ್ಮ ಮನಿ ಎಲ್ಲಾ ಮದಿವಿ ನನ್ನ ಹತ್ರ ಅವ."

ಉಮಾಶ್ರೀ ಸೆರಗಿನ ಗಂಟಿನಿಂದ ಅವ್ವನ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟಳು. "ಇದ್ರಾಗ ಏನೂ ಇಲ್ರಿ." ನಿಜವಾಗಿಯೂ ಅದರಲ್ಲಿ ಬಿಳಿಯ ಕೂದಲಿನ ಕೆಳಗೆ ಒಂದು ಕಪ್ಪು ಮಚ್ಚೆ ಬಿಟ್ಟರೆ ಬೇರೇನೂ ಇರಲಿಲ್ಲ. ಮೊಬೈಲಿನಲ್ಲಿ ಯಾರೂ ತೆಗೆದಿರಲಿಲ್ಲವೇ ಎಂದು ಕಾಡಯ್ಯನು ಕೇಳಿದನು. ಮೊಬೈಲು ಎತ್ತಿದರೆ ಅವ್ವ ಸೆರಗು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳಂತೆ. "ಮದಿವ್ಯಾಗ ನೀವು ‘ಮುಖ ತೋರಸ್ರಿ ಕುಸುಮಬಾಯಿ’ ಅಂದ್ರ ಮಾತ್ರ ತೋರಸ್ತಿದ್ದಳು. ನಿಮಗ ಅಂಜ್ತಿದ್ದಳ್ರಿ ಆಕಿ. ಅಯ್ಯನೋರ ಮಾತು ಮೀರಬಾರ್ದಂತ."

ಕಾಡಯ್ಯನು ಕಂಪ್ಯೂಟರಿನಲ್ಲಿ ವಲಾಂಡಿಯ ಮದುವೆಗಳನ್ನು ತೆರೆದನು. ಕಲ್ಯಾಣಪ್ಪನವರ ಮಗ ನಾಗನಾಥನ ಮದುವೆ. ಮಂಟಪದ ತುಂಬ ಜನ, ನಡುವೆ ಮದುಮಕ್ಕಳು, ಅವರ ಎರಡೂ ಕಡೆ ಜರಿಯ ಸೀರೆಗಳು, ರುಮಾಲುಗಳು. ಕುಸುಮಬಾಯಿಯನ್ನು ಹುಡುಕುತ್ತ ಅವನ ಕಣ್ಣು ಹೋಗಿ ಹೋಗಿ ಸಾಲಿನ ಎಡದ ತುದಿಯಲ್ಲಿ ನಿಂತಿತು. ಬಿಳಿಚು ಬಣ್ಣದ ಇಳಕಲ್ಲ ಸೀರೆ, ಮುಂದೆ ಜೋಡಿಸಿದ ಕೈ, ಅದರ ಮೇಲೆ ಮುಖವಿರಬೇಕಾದಲ್ಲಿ ಒಂದು ಹಿಗ್ಗಿದ ಮಬ್ಬು.

ಅವನು ಮುಂದಿನ ಮದುವೆ ತೆರೆದನು. ಎಡದ ತುದಿ. ಅದರ ಮುಂದಿನದು ಕಲ್ಯಾಣಪ್ಪನವರ ಕಿರಿಯ ಮಗಳದು. ಎಡದ ತುದಿ. ಉಮಾಶ್ರೀಯ ಮದುವೆಯನ್ನು ತೆರೆಯುವಾಗ ಅವನಿಗೆ ಆಸೆಯಿತ್ತು. ಸಾಕಿದ ಮಗಳ ಮದುವೆಯಲ್ಲಾದರೂ ಪಕ್ಕಕ್ಕೆ ಬಂದು ನಿಂತಿರಬಹುದು. ಆದರೆ ಅಂದು ಮಗಳ ಪಕ್ಕದಲ್ಲಿ ನಿಂತವರು ದೊಡ್ಡಮ್ಮ, ಕಲ್ಯಾಣಪ್ಪನವರ ಹೆಂಡತಿ. ಗಂಡನಿಲ್ಲದವಳು ಮಂಗಳಕಾರ್ಯದಲ್ಲಿ ಮದುಮಕ್ಕಳಿಗೆ ತಾಗಿ ನಿಲ್ಲಬಾರದು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಕುಸುಮಬಾಯಿ ತಾನೇ ಹೋಗಿ ತುದಿಗೆ ನಿಲ್ಲುತ್ತಿದ್ದಳು. ಎಲ್ಲರೂ ಹಿಡಿಸಲಿ ಎಂದು ಕಾಡಯ್ಯನು ಲೆನ್ಸನ್ನು ಪೂರಾ ಅಗಲ ಮಾಡುತ್ತಿದ್ದನು. ಅಗಲ ಮಾಡಿದಷ್ಟೂ ಹಳೆಯ ಲೆನ್ಸು ತುದಿಯ ಮುಖವನ್ನು ಹೊರಗೆ ಎಳೆಯುತ್ತಿತ್ತು. ಕ್ಯಾಮೆರಾದ ಫ್ಲ್ಯಾಶಿನ ಬೆಳಕೂ ಅಲ್ಲಿಯ ತನಕ ಸರಿಯಾಗಿ ಹೋಗುತ್ತಿರಲಿಲ್ಲ. ಗೋಡೆಯ ಮೇಲಿನ ಪತ್ರಿಕೆಯ ಅಕ್ಷರಗಳಿಗೆ ಏನಾಗಿತ್ತೋ ಅದೇ ಕುಸುಮಬಾಯಿಯ ಕಣ್ಣು ಮೂಗಿಗೂ ಆಗಿತ್ತು. ಒಂದು ಮದುವೆಯಲ್ಲಲ್ಲ, ಎಲ್ಲ ಮದುವೆಗಳಲ್ಲೂ.

"ಜರಾ ದೊಡ್ಡದು ಮಾಡ್ರಿ," ಎಂದಳು ಉಮಾಶ್ರೀ, ಅವನ ಹಿಂದೆ ನಿಂತು.

ಅವನು ಮಾಡಿದನು.

"ಇನ್ನ ದೊಡ್ಡದು ಮಾಡ್ರಿ."

"ದೊಡ್ಡದು ಮಾಡಿದಷ್ಟೂ ಕೆಡ್ತದ ತಂಗಿ."

"ಅವ್ವನ ಎಡಗಣ್ಣು ಜರಾ ಸಣ್ಣದಿತ್ರಿ. ನಕ್ಕರ ಅದು ಮುಚ್ಚೇ ಬಿಡ್ತಿತ್ತು. ಗದ್ದದ ಮ್ಯಾಲ ಹಚ್ಚಿ ಹೊಯ್ಸಿದ ಚುಕ್ಕಿ ಇತ್ತು. ಚುಕ್ಕಿ ಕಾಣ್ತದೇನು ನೋಡ್ರಿ."

ಚುಕ್ಕಿ ಕಾಣಲಿಲ್ಲ. ಗದ್ದವೆಲ್ಲಿ ಮುಗಿದು ಕೊರಳೆಲ್ಲಿ ತೊಡಗುತ್ತದೆ ಎಂಬುದೇ ಕಾಣುತ್ತಿರಲಿಲ್ಲ. ಕಾಡಯ್ಯನು ಗೆರೆ ಚೂಪು ಮಾಡುವ ಸಾಧನವನ್ನೆಲ್ಲ ಬಳಸಿದನು. ಮಬ್ಬಿನ ಸುತ್ತ ಬಿಳಿಯ ಅಂಚು ಮೂಡಿತೇ ಹೊರತು ಒಳಗೆ ಮುಖ ಮೂಡಲಿಲ್ಲ. ಇಲ್ಲದ್ದನ್ನು ಎಲ್ಲಿಂದ ತೆಗೆಯುವುದು?

ಅವನು ಇದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತಿರುವಾಗ ಅವಳೇ ಮಾತೆತ್ತಿದಳು. "ನೀವು ಹೊಸ ಲೆನ್ಸ್ ತಂದೀರಂತ ಚಹಾದಂಗಡ್ಯಾಗ ಅಂದ್ರು. ಭಾಳ ಸಾಫ್ ಬರ್ತದಂತ. ಅದ್ರಿಂದ ಇದೇ ಫೋಟೋದ ಫೋಟೋ ತಗೀರಲ್ಲ."

ಆ ಮಾತಿಗೆ ನಗುವ ಹಾಗಿರಲಿಲ್ಲ. ಈ ಕಡೆ ಹರಿದ, ಹುಳ ತಿಂದ ಹಳೆಯ ಫೋಟೋಗಳನ್ನು ತಂದು, "ಫೋಟೋದ ಫೋಟೋ" ತೆಗೆಸಿಕೊಂಡು ಹೋಗುವುದು ತಲೆಮಾರುಗಳ ರೂಢಿ. ಹೊಸ ಕಾಗದದ ಮೇಲೆ ಬಂದಾಗ ಹಳೆಯ ಮುಖ ನಿಚ್ಚಳವಾದಂತೆ ಎಲ್ಲರಿಗೂ ಕಂಡಿದೆ. ಅಂದ ಮೇಲೆ ಹೆಚ್ಚಿನ ಬೆಲೆಯ ಲೆನ್ಸು ಹೆಚ್ಚಿನದನ್ನು ಕೊಡಬೇಕಲ್ಲವೇ? ಆಗುವುದಿಲ್ಲವೆಂದು ಕಾಡಯ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಉಮಾಶ್ರೀಯ ಮದುವೆಯ ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿ, ಗೋಡೆಗೆ ಅಂಟಿಸಿ, ಸ್ಟ್ಯಾಂಡ್ ಹೂಡಿದನು. ಗಿರಣಿ ತಿರುಗುತ್ತಿತ್ತು. "ಜರಾ ತಡಿ ತಂಗಿ," ಎಂದನು. ಅವಳು ಬೆಂಚಿನ ಮೇಲೆ ಕುಳಿತಳು. ಇಬ್ಬರೂ ಯಾರದೋ ಜೋಳ ಮುಗಿಯುವುದನ್ನು ಕಾದರು.

ಕಾಯುವಾಗ ಅವಳು ತಾನಾಗಿಯೇ ಹೇಳಿದಳು: "ಹಡದಾಕಿ ಮುಖ ನನಗ ಗೊತ್ತಿಲ್ರಿ. ಆಕಿ ಫೋಟೋ ಒಂದೂ ಇಲ್ಲ. ಎಲ್ಲಾರು ನಿನ್ನಂಗೇ ಇದ್ದಳು ಅಂತಾರ, ಕನ್ನಡ್ಯಾಗ ನೋಡ್ಕೋತೀನಿ, ಏನೂ ತಿಳೀವಲ್ದು. ಸಾಕಿದಾಕಿ ಮುಖಾದ್ರೂ ಇರ್ಲಿ ಅಂತ. ಈಗ ಕಣ್ಣ ಮುಂದ ಅದ. ಆದ್ರ ಮರ್ತು ಹೋಗ್ತದ್ರಿ. ಮುಖ ಮರ್ತು ಹೋಗ್ತದ, ನನಗ ಗೊತ್ತದ."

ಗಿರಣಿ ನಿಂತಿತು. ಕಾಡಯ್ಯನು ಫೋಟೋದ ಫೋಟೋ ತೆಗೆದನು. ಹೊಸ ಲೆನ್ಸು ತನ್ನ ಕೆಲಸವನ್ನು ಒಂದಿಷ್ಟೂ ಕಡಿಮೆಯಿಲ್ಲದೆ ಮಾಡಿತ್ತು. ಕಾಗದದ ಎಳೆ ಎಳೆಯೂ ಕಾಣುತ್ತಿತ್ತು, ಅಂಟಿಸಿದ ಪಟ್ಟಿಯ ಮೇಲಿನ ಅವನ ಬೆರಳಚ್ಚು ಕಾಣುತ್ತಿತ್ತು, ಮಸಿಯ ಕಣಗಳು ಕಾಣುತ್ತಿದ್ದವು. ಕುಸುಮಬಾಯಿಯ ಮುಖದ ಮಬ್ಬು ಕೂಡ ಈಗ ಬಹಳ ಸ್ವಚ್ಛವಾಗಿ, ಮಬ್ಬೆಂದೇ ಕಾಣುತ್ತಿತ್ತು.

ಉಮಾಶ್ರೀ ನೋಡಿದಳು. ಮೇಜಿನ ಮೇಲಿನ ಆಧಾರ್ ಕಾರ್ಡನ್ನು ಎತ್ತಿ ಸೆರಗಿನಿಂದ ಒರೆಸಿದಳು. ಇದರ ಬದಲು ಅವಳು ನಾಲ್ಕು ಮಾತು ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಕೊನೆಗೆ ಅವನಿಗೆ ಕಸುಬಿನ ಒಂದು ಉಪಾಯ ಹೊಳೆಯಿತು. ಹಿಗ್ಗಿಸಿದರೆ ಕೆಡುವುದು ಕುಗ್ಗಿಸಿದರೆ ಕೂಡಿಕೊಳ್ಳುತ್ತದೆ. ಅವನು ಆ ಮುಖವನ್ನು ಕುಗ್ಗಿಸಿ ಕುಗ್ಗಿಸಿ, ಹೆಬ್ಬೆರಳಿನ ಉಗುರಿನಷ್ಟು ಮಾಡಿ ಅಚ್ಚು ಹಾಕಿದನು. ಆ ಅಳತೆಯಲ್ಲಿ ಮಬ್ಬು ಅಡಗಿ, ಕಣ್ಣಿದ್ದಲ್ಲಿ ಕಣ್ಣು, ಬಾಯಿದ್ದಲ್ಲಿ ಬಾಯಿ ಇದ್ದಂತೆ ತೋರುತ್ತಿತ್ತು. ಕತ್ತರಿಸಿ ಅವಳ ಅಂಗೈಯ ಮೇಲೆ ಇಟ್ಟನು. ಅವಳು ಬಾಗಿಲಿನ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿದಳು.

"ಹೌದ್ರಿ, ಅವ್ವ ಇದ್ದಂಗ ಅದ," ಎಂದಳು. ಸ್ವಲ್ಪ ತಡೆದು ಮತ್ತೆ ಅಂದಳು: "ಆದ್ರ ಅವ್ವ ಇಷ್ಟು ಸಣ್ಣಾಕಿ ಇದ್ದಿಲ್ರಿ."

ಜಗದೇವಿ ಒಳಗಿನಿಂದ ಬಂದು ಅವಳನ್ನು ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಉಮಾಶ್ರೀ ಹೊರಡುವಾಗ ಆ ಉಗುರಿನಷ್ಟು ಕಾಗದವನ್ನು ಆಧಾರ್ ಕಾರ್ಡಿನ ಜೊತೆಗೆ ಸೆರಗಿಗೆ ಗಂಟು ಹಾಕಿಕೊಂಡಳು. "ದೊಡ್ಡಪ್ಪಗ ಏನು ಹೇಳ್ಲಿ?" ಎಂದು ಕೇಳಿದಳು. "ಅಯ್ಯನೋರ ಕೈಯಾಗ ಆಗ್ಲಿಲ್ಲ ಅಂತ ಹೇಳು," ಎಂದನು ಕಾಡಯ್ಯ.

ಮಧ್ಯಾಹ್ನ ಅಮೃತನ ಫೋನು ಬಂದಿತು. "ಏನಾತು? ನಾಳೆ ತರ್ತೀಯೇನು? ಫರಕ್ ಕಾಣ್ತೋ ಇಲ್ಲೋ?"

"ಕಾಣ್ತು."

"ಎಲ್ಲಿ?"

"ಅಂಚಿಗೆ. ಇಟ್ಕೋತೀನಿ."

ಅಂಚಿಗಾಗಿ ಇಷ್ಟು ದೊಡ್ಡ ಲೆನ್ಸು ಕೊಂಡವನನ್ನು ತಾನು ನೋಡಿಲ್ಲವೆಂದು ಅಮೃತನು ನಕ್ಕನು. ಜಗದೇವಿ ಮಾತ್ರ ನಗಲಿಲ್ಲ. ಉದಗೀರಕ್ಕೆ ಬಿಟ್ಟು ಬನ್ನಿ ಎಂದು ಹೇಳಿದ ಮಾತನ್ನು ಅವಳು ಮತ್ತೆ ಎತ್ತಲೂ ಇಲ್ಲ.

ಗಣಾರಾಧನೆಯ ದಿನ ಫೋಟೋ ತೆಗೆಯಲು ಕಾಡಯ್ಯನಿಗೆ ವಲಾಂಡಿಯಿಂದ ಕರೆ ಬಂದಿತ್ತು. ಮೋಟರ್‌ಸೈಕಲ್ಲಿನ ಮೇಲೆ ಹೋಗುವಾಗ ದಾರಿಯುದ್ದಕ್ಕೂ ತೊಗರಿ ಕೊಯ್ದ ಹೊಲಗಳು, ಕೊಯ್ಯದ ಜೋಳ. ಮುಖವಿಲ್ಲದ ಗದ್ದುಗೆಯನ್ನು ನೋಡಬೇಕಾಗುತ್ತದಲ್ಲ ಎಂದು ಅವನ ಮನಸ್ಸು ಅಳುಕುತ್ತಿತ್ತು. ಆದರೆ ಒಳಗೆ ಕಾಲಿಟ್ಟಾಗ ಗದ್ದುಗೆಯ ಮೇಲೆ ಚೌಕಟ್ಟಿನ ದೊಡ್ಡ ಫೋಟೋ ಇತ್ತು, ಅದಕ್ಕೆ ಸೇವಂತಿಗೆಯ ಹಾರವೂ ಬಿದ್ದಿತ್ತು.

"ಬರ್ರಿ ಅಯ್ಯನೋರ," ಎಂದು ಕಲ್ಯಾಣಪ್ಪನವರು ಎದ್ದು ಬಂದರು. "ನಿಮ್ಮ ಕೈಯಾಗ ಆಗ್ಲಿಲ್ಲಂತ ಉಮಾ ಅಂದಳು. ನಮ್ಮ ನಾಗನಾಥ ಮಾಡ್ಸ್ಯಾನ ನೋಡ್ರಿ."

ನಾಗನಾಥನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದನು. "ಮೊಬೈಲ್‌ನ್ಯಾಗ ಒಂದು ಎಐ ಆ್ಯಪಿಗೆ ಹಾಕಿದೆ. ಆಧಾರದ್ದೊಂದು, ಉಮಕ್ಕನ ಮದಿವಿದೊಂದು. ಅದೇ ಕೂಡಿಸಿ ಸಾಫ್ ಮಾಡಿ ಕೊಡ್ತು. ಉದಗೀರದಾಗ ದೊಡ್ಡದು ತಗಸ್ಕೊಂಡು ಬಂದೆ. ಅಲ್ಲಿಯವ್ರು ಅಂದ್ರು, ಇದು ಯಾವ ಕ್ಯಾಮೆರಾದಾಗ ತಗದೀರಿ ಅಂತ."

ಚೌಕಟ್ಟಿನಲ್ಲಿ ವಯಸ್ಸಾದ ಹೆಂಗಸೊಬ್ಬಳಿದ್ದಳು. ಒಂದೊಂದು ಬಿಳಿಕೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಎರಡು ಕಣ್ಣುಗಳೂ ಒಂದೇ ಅಳತೆಯವು, ಹೊಳೆಯುತ್ತಿದ್ದವು. ಗದ್ದ ನುಣ್ಣಗಿತ್ತು, ಚುಕ್ಕಿಯಿರಲಿಲ್ಲ. ಎಲ್ಲೋ ಒಂದು ಊರಿನಲ್ಲಿ ಅಂಥ ಹೆಂಗಸು ಇದ್ದರೂ ಇರಬಹುದು. ಕಾಡಯ್ಯನ ಯಾವ ಫೋಟೋವೂ ಇಷ್ಟು ಸಾಫಾಗಿ ಬಂದಿದ್ದಿಲ್ಲ.

"ನಮ್ಮ ಕುಸುಮಾನಂಗೇ ಕಾಣ್ತಾಳ," ಎಂದರು ಕಲ್ಯಾಣಪ್ಪನವರು. ಆಮೇಲೆ ದನಿ ತಗ್ಗಿಸಿ, "ಕಾಣ್ತಾಳೋ ಇಲ್ಲೋ? ನನಗೂ ಕಣ್ಣು ಅಷ್ಟು ನೆಟ್ಟಗಿಲ್ಲ. ಗೋಡಿ ಖಾಲಿ ಇಡೋದು ಬ್ಯಾಡ ಅನಸ್ತು. ಇಷ್ಟು ವರ್ಷ ಮನ್ಯಾಗ ಇದ್ದಾಕಿ," ಎಂದರು. ಅವರು ಕಣ್ಣೊರೆಸಿಕೊಂಡದ್ದನ್ನು ಕಂಡು ಕಾಡಯ್ಯನು ಹೌದೆಂಬಂತೆ ತಲೆಯಾಡಿಸಿದನು.

ಉಮಾಶ್ರೀ ಹಿತ್ತಲಿನಲ್ಲಿ ಪಾತ್ರೆಗಳ ನಡುವೆ ಇದ್ದಳು. ಅವನನ್ನು ಕಂಡು ಎದ್ದು ಬಂದಳು.

"ಇಕಿ ಯಾರ್ರಿ ಅಯ್ಯನೋರ?"

ಅವನು ಒಳಗೆ, ಗದ್ದುಗೆಯ ಕಡೆಗೆ ತಿರುಗಿ ನೋಡಿದನು.

"ಮುಂಜಾನಿಂದ ಎಲ್ಲಾರು ಬಂದು ನಮಸ್ಕಾರ ಮಾಡ್ಲಿಕತ್ಯಾರ. ಚಲೋ ಬಂದದ, ಕುಸುಮಬಾಯಿ ಕೂತು ಮಾತಾಡ್ದಂಗ ಅದ ಅಂತಾರ. ಎರಡ್ಸಲ ನೋಡಿದೆ. ಮೂರನೇ ಸಲ ನೋಡೋ ಮುಂದ ನನಗ ಅಂಜಿಕಿ ಆತು. ಅವ್ವನ ನೆನೆಸ್ಕೊಳ್ಳಿಕ್ಕೆ ಹೋದ್ರ ಇಕಿ ಬರ್ಲಿಕತ್ತಾಳ. ದಿನಾ ನೋಡಿದ್ರ ಇಕೀನೇ ಅವ್ವ ಆಗಿ ಬಿಡ್ತಾಳ್ರಿ."

"ನಾ ಕಲ್ಯಾಣಪ್ಪನವರಿಗೆ ಹೇಳ್ಲೇನು?"

"ಹೇಳಿ? ಇದನ್ನ ತಗಸಿ ಬದಲಿ ಏನಿಡ್ತೀರಿ?"

ಇಡಲು ಅವನ ಬಳಿ ಏನೂ ಇರಲಿಲ್ಲ. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ಏನಾದರೂ ಇದ್ದೀತೇ ಎಂದು ಕೇಳಿದಂತಿತ್ತು. "ನೀವು ಎಷ್ಟು ಸಲ ನೋಡೀರಿ ಆಕಿನ್ನ," ಎಂದಳು ಅವಳು. "ನೀವಾದ್ರೂ ಹೇಳ್ರಿ, ಹೆಂಗಿದ್ದಳು." ಕಾಡಯ್ಯನು ನೆನಪು ಮಾಡಿಕೊಳ್ಳಲು ಯತ್ನಿಸಿದನು. "ಎಡಗಡಿ ನಿಂತ ಬಾಯಿಯವ್ರ, ಜರಾ ಒಳಗ ಬರ್ರಿ" ಎಂದು ಕೂಗಿದ್ದು ನೆನಪಾಯಿತು, ಆ ಬಿಳಿಚು ಸೀರೆ ಅರ್ಧ ಹೆಜ್ಜೆ ಒಳಗೆ ಸರಿದದ್ದು ನೆನಪಾಯಿತು. ಅದರ ಮೇಲಿನ ಮುಖ ಬರಲೇ ಇಲ್ಲ.

ಒಳಗಿನಿಂದ ಶಂಖದ ಸದ್ದು ಕೇಳಿತು. ಇಬ್ಬರೂ ಒಳಗೆ ಹೋದರು.

ಪೂಜೆಯಾದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಬಂದು ಗದ್ದುಗೆಗೆ ಹೂವು ಏರಿಸಬೇಕು. ಪ್ರತಿಯೊಬ್ಬರದೂ ಒಂದೊಂದು ಫೋಟೋ ಬೇಕೆಂದು ನಾಗನಾಥನು ಹೇಳಿದ್ದನು. ಕಾಡಯ್ಯನು ಹೊಸ ಲೆನ್ಸು ಹಾಕಿಕೊಂಡು ಚೌಕಟ್ಟಿನ ಪಕ್ಕದಲ್ಲಿ, ಬರುವವರ ಮುಖಕ್ಕೆ ಎದುರಾಗಿ ನಿಂತನು. ಕಲ್ಯಾಣಪ್ಪನವರು ಬಂದರು, ಚೌಕಟ್ಟನ್ನು ನೋಡಿ ಕೈಮುಗಿದರು. ಅವರ ಹೆಂಡತಿ ಬಂದರು. ನಾಗನಾಥ ಬಂದನು. ಆಮೇಲೆ ಉಮಾಶ್ರೀಯ ಸರದಿ.

ಅವಳು ಹೊಸಲಿನಿಂದಲೇ ಕಣ್ಣು ಮುಚ್ಚಿಕೊಂಡು ಬಂದಳು. ನಡೆದು ಬಳಕೆಯಾದ ಮನೆ. ಕಾಲು ತಾನಾಗಿ ಗದ್ದುಗೆಯ ತನಕ ತಂದಿತು. ಕೈ ಗಾಳಿಯಲ್ಲಿ ತಡವರಿಸಿ ಹೂವಿನ ತಟ್ಟೆಯನ್ನು ಹುಡುಕಿಕೊಂಡಿತು. ಹೂವುಗಳು ಚೌಕಟ್ಟಿನ ಬುಡದಲ್ಲಿ ಬಿದ್ದವು. ಕಾಡಯ್ಯನು ಗುಂಡಿ ಒತ್ತಿದನು.

"ಉಮಕ್ಕ, ಕಣ್ಣು ಮುಚ್ಚಿದಿ," ಎಂದನು ನಾಗನಾಥ. "ಅಯ್ಯನೋರ, ಇನ್ನೊಂದು ತಗೀರಿ."

"ಕಣ್ಣು ತಗಿ ಉಮಾ, ಅವ್ವನ್ನ ನೋಡು," ಎಂದರು ಕಲ್ಯಾಣಪ್ಪನವರು ಮೆಲ್ಲಗೆ.

"ತಗೀತೀನಿ ದೊಡ್ಡಪ್ಪ," ಎಂದಳು ಉಮಾಶ್ರೀ. ಅವಳ ರೆಪ್ಪೆಗಳು ಇನ್ನಷ್ಟು ಬಿಗಿದವು.

ಕಾಡಯ್ಯನು ಎರಡನೆಯ ಸಲ ಒತ್ತಿ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದನು. ಬಿಗಿಹಿಡಿದ ರೆಪ್ಪೆಗಳ ಕೂದಲು ಒಂದೊಂದೂ ಕಾಣುತ್ತಿತ್ತು, ಅವುಗಳ ನಡುವೆ ಒಸರಿದ ನೀರು ಕಾಣುತ್ತಿತ್ತು, ಏನನ್ನೋ ಚೆಲ್ಲದಂತೆ ಹೊತ್ತು ನಡೆಯುವವಳ ಹುಬ್ಬಿನ ಗಂಟು ಕಾಣುತ್ತಿತ್ತು.

"ಬಂತೇನ್ರಿ?" ಎಂದು ನಾಗನಾಥನು ಕತ್ತು ಚಾಚಿದನು.

ಕಾಡಯ್ಯನು ಪರದೆಯನ್ನು ಎದೆಗೆ ಒತ್ತಿಕೊಂಡನು. "ಬಂತು," ಎಂದನು. "ಚಲೋ ಬಂದದ. ಮುಂದಿನವರು ಬರ್ರಿ."

ಉಮಾಶ್ರೀ ಗೋಡೆಯನ್ನು ಒಂದು ಕೈಯಿಂದ ಸವರುತ್ತ ಬಾಗಿಲ ಕಡೆಗೆ ನಡೆದಳು. ಹೊಸಲು ದಾಟಿ, ಅಂಗಳದ ಬಿಸಿಲು ಮುಖದ ಮೇಲೆ ಬೀಳುವ ತನಕ ಅವಳು ಕಣ್ಣು ತೆರೆಯಲಿಲ್ಲ.